ಬೆನ್ನಿಗೆ ಕೊಟ್ಟ ಅರಿವಳಿಕೆ ಮತ್ತು ಉಳಿದುಹೋದ ಬೆನ್ನುನೋವು

ಸಿಸೇರಿಯನ್‌ಗೆ ಮುನ್ನ ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವು ತಪ್ಪಿದ್ದಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ.

ನಂಬುವವರನ್ನು ದೂರಲಾಗದು. ಚುಚ್ಚಿದ್ದು ಬೆನ್ನಿಗೆ, ನೋಯುತ್ತಿರುವುದೂ ಬೆನ್ನೇ. ಆದರೆ ಆ ಸೂಜಿಯ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಔಷಧದ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ತಿಂಗಳುಗಟ್ಟಲೆ ಉಳಿಯುವ ನೋವಿಗೆ ಕಾರಣ ಹೆಚ್ಚಾಗಿ ಬೇರೆ: ಗರ್ಭಿಣಿಯಾಗಿದ್ದಾಗ ಸಡಿಲಗೊಂಡ ಕೀಲುಗಳು, ಹಿಗ್ಗಿ ಸೋತ ಹೊಟ್ಟೆಯ ಸ್ನಾಯುಗಳು, ಹಗಲೂ ರಾತ್ರಿ ಬಾಗಿ ಮಗುವನ್ನು ಎತ್ತುವ, ಹಾಲೂಡಿಸುವ ಕೆಲಸ.

ಇಂಥ ಮಾತನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಚುಚ್ಚುಮದ್ದು ಪಡೆಯದವರಿಗೆ ಈ ನೋವು ಬರುವುದಿಲ್ಲವೇ? ಸಹಜ ಹೆರಿಗೆಯಾದ ನಾಲ್ವರನ್ನು ವಿಚಾರಿಸಿ ನೋಡಿ. ಹೆರಿಗೆ ನೋವು ತಗ್ಗಿಸಲು ಬೆನ್ನಿನ ಅರಿವಳಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ.

ತೊಂದರೆಯೇ ಇಲ್ಲವೆಂದಲ್ಲ. ಎದ್ದು ಕುಳಿತಾಗ ಹೆಚ್ಚಿ, ಮಲಗಿದರೆ ತಗ್ಗುವ ತಲೆನೋವು ಕೆಲವರಿಗೆ ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ, ಜ್ವರದೊಂದಿಗೆ ಬೆನ್ನುನೋವು ಏರುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇವು ಬಹಳ ಅಪರೂಪ.