ಪ್ರೈಮರಿಯ ಖರ್ಚು ನಮ್ಮದೂ ಹೌದು, ಓಟು ಮಾತ್ರ ಯಾಕಿಲ್ಲ?

ಫಿಲಡೆಲ್ಫಿಯಾದ ಮೇಯರ್ ಯಾರು ಅನ್ನುವುದು ನವೆಂಬರ್‌ನಲ್ಲಿ ತೀರ್ಮಾನ ಆಗುವುದಿಲ್ಲ, ಮೇ ತಿಂಗಳಲ್ಲೇ ಆಗಿಬಿಡುತ್ತದೆ. 1952ರಿಂದ ಈಚೆಗೆ ಈ ಊರಿಗೆ ಡೆಮಾಕ್ರಟಿಕ್ ಪಕ್ಷದವರನ್ನು ಬಿಟ್ಟು ಬೇರೆ ಮೇಯರ್ ಬಂದಿಲ್ಲ. ಆ ಪಕ್ಷದ ಟಿಕೆಟ್ ಯಾರಿಗೆ ಸಿಕ್ಕಿತೋ ಅವರೇ ಮೇಯರ್. 2023ರ ಮೇ 16ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಎಂದು ಮತದಾರರೇ ಆರಿಸುವ ಚುನಾವಣೆಯಲ್ಲಿ, ಷೆರೆಲ್ ಪಾರ್ಕರ್ ಸುಮಾರು ಮೂರನೇ ಒಂದು ಪಾಲು ಓಟು ಪಡೆದು ಗೆದ್ದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ಎದುರು ಅವರಿಗೆ ನೂರಕ್ಕೆ 70ಕ್ಕೂ ಹೆಚ್ಚು ಓಟು ಬಂತು. ಈ ಊರಿನ ಮೊದಲ ಮಹಿಳಾ ಮೇಯರ್ ಅವರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಮೇ ತಿಂಗಳಲ್ಲಿ ಯಾರಿಗೆ ಓಟಿದೆ, ಯಾರಿಗಿಲ್ಲ ಅನ್ನುವುದೇ ನನ್ನ ತಕರಾರು.

ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ನಿಮ್ಮ ಪಕ್ಷ ಯಾವುದು ಎಂದು ಸರ್ಕಾರದ ಫಾರಂನಲ್ಲೇ ಕೇಳುತ್ತಾರೆ. ಕರ್ನಾಟಕದಲ್ಲಿರುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಪೌರತ್ವ ಸಿಕ್ಕ ಮೇಲೆ ನಾನು ಯಾವ ಪಕ್ಷಕ್ಕೂ ಸೇರಿಲ್ಲ ಎಂದು ಗುರುತು ಹಾಕಿದೆ. ಈಗಲೂ ಹಾಗೇ ಇದ್ದೇನೆ. ರಾಜ್ಯದಲ್ಲಿ ನನ್ನಂತೆ ಎರಡೂ ದೊಡ್ಡ ಪಕ್ಷಗಳ ಹೊರಗಿರುವ ಮತದಾರರು 10 ಲಕ್ಷಕ್ಕೂ ಜಾಸ್ತಿ. ನಮಗೆ ಪ್ರೈಮರಿಯಲ್ಲಿ ಈ ಪಕ್ಷಗಳ ಅಭ್ಯರ್ಥಿಗಳಿಗೆ ಓಟು ಹಾಕುವ ಹಕ್ಕಿಲ್ಲ. ಅವತ್ತು ಜನಾಭಿಪ್ರಾಯದ ಪ್ರಶ್ನೆ ಅಥವಾ ಉಪಚುನಾವಣೆ ಏನಾದರೂ ಇದ್ದರೆ ಅದರಲ್ಲಿ ಮಾತ್ರ ಓಟು ಹಾಕಬಹುದು. 2021ರ ಮೇ ತಿಂಗಳಲ್ಲಿ ಗವರ್ನರ್ ಅವರ ತುರ್ತು ಅಧಿಕಾರಕ್ಕೆ ಮಿತಿ ಹಾಕುವ ಪ್ರಶ್ನೆಗಳಿದ್ದವು. ಅಂದರೆ ರಾಜ್ಯದ ಸಂವಿಧಾನ ತಿದ್ದಬೇಕಾ ಬೇಡವಾ ಎಂದು ನನ್ನನ್ನು ಕೇಳಿದರು. ಅದೇ ದಿನ ಡಿಸ್ಟ್ರಿಕ್ಟ್ ಅಟಾರ್ನಿ ಸ್ಥಾನಕ್ಕೆ ಲ್ಯಾರಿ ಕ್ರಾಸ್ನರ್ ಮತ್ತು ಕಾರ್ಲೋಸ್ ವೇಗಾ ನಡುವೆ ಜೋರು ಪೈಪೋಟಿ ಇತ್ತು. ನನ್ನ ಬೀದಿಯಲ್ಲಿ ಕಳ್ಳತನವಾದರೆ, ಗುಂಡು ಹಾರಿದರೆ ಕೇಸು ನಡೆಸಬೇಕಾದ ಕಚೇರಿ ಅದು. ಅದರ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಪ್ರೈಮರಿ ಅಂದರೆ ಏನು ಎಂದು ಕರ್ನಾಟಕದಲ್ಲಿರುವ ಗೆಳೆಯರು ಆಗಾಗ ಕೇಳುತ್ತಾರೆ. ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಸಿಗುತ್ತದೆ ಎಂದು ಕಾರ್ಯಕರ್ತರು ಕೊನೇ ದಿನದವರೆಗೂ ಕಾಯುತ್ತಾರೆ. ಇಲ್ಲಿ ಆ ಟಿಕೆಟನ್ನು ಜನ ಓಟು ಹಾಕಿ ಕೊಡುತ್ತಾರೆ. ಇದೊಂದು ಒಳ್ಳೆಯ ಪದ್ಧತಿ, ಅದರಲ್ಲಿ ನನಗೆ ಅನುಮಾನವಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಕೂಡ ಕೆಲವೇ ಕ್ಷೇತ್ರಗಳಲ್ಲಿ ಇದನ್ನು ಮಾಡಿ ನೋಡಿತ್ತು. ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ಮಂಗಳೂರಿನಲ್ಲಿ ಜನಾರ್ದನ ಪೂಜಾರಿಯವರು ಹರ್ಷ ಮೊಯಿಲಿಯವರನ್ನು ಸೋಲಿಸಿ ಟಿಕೆಟ್ ಪಡೆದರು. ಅಲ್ಲಿ ಓಟು ಹಾಕಿದವರು ಪಕ್ಷದ ಪದಾಧಿಕಾರಿಗಳು. ಏರ್ಪಾಡು ಪಕ್ಷದ್ದು, ಪಟ್ಟಿ ಪಕ್ಷದ್ದು. ಹೊರಗಿನವರಿಗೆ ಓಟಿಲ್ಲ ಅಂದರೆ ಅದರಲ್ಲಿ ತಪ್ಪೇನೂ ಇಲ್ಲ.

ಅಮೆರಿಕದಲ್ಲಿ ಹಾಗಲ್ಲ. ಪ್ರೈಮರಿಯ ದಿನಾಂಕ ರಾಜ್ಯದ ಕಾನೂನಿನಲ್ಲಿದೆ. ಬೂತು, ಮಷಿನ್ನು, ಸಿಬ್ಬಂದಿಯ ಸಂಬಳ, ಎಣಿಕೆ ಎಲ್ಲಕ್ಕೂ ಖರ್ಚು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮತ್ತು ರಾಜ್ಯದ ಬೊಕ್ಕಸದಿಂದ. ಅಂದರೆ ತೆರಿಗೆ ಕಟ್ಟುವ ಎಲ್ಲರ ದುಡ್ಡು. ಚುನಾವಣೆ ಸರ್ಕಾರದ್ದು, ಬಾಗಿಲು ಮಾತ್ರ ಪಕ್ಷದ್ದು ಅನ್ನುವುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ.

ಈ ವಾದ ಹೊಸದೇನಲ್ಲ. ಒಂದು ಕಾಲದಲ್ಲಿ ಟೆಕ್ಸಸ್‌ನ ಡೆಮಾಕ್ರಟಿಕ್ ಪಕ್ಷ ತನ್ನ ಪ್ರೈಮರಿಗೆ ಬಿಳಿಯರನ್ನು ಮಾತ್ರ ಬಿಡುತ್ತಿತ್ತು. ನಮ್ಮದು ಖಾಸಗಿ ಸಂಸ್ಥೆ, ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು ನಮಗೆ ಬಿಟ್ಟಿದ್ದು ಅನ್ನುವುದು ಅವರ ಸಮರ್ಥನೆ. ಆಗ ಅಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದರೆ ಚುನಾವಣೆ ಗೆದ್ದ ಹಾಗೇ. ನವೆಂಬರ್‌ನಲ್ಲಿ ಕಪ್ಪು ಜನರಿಗೆ ಓಟಿದ್ದರೂ ಆ ಓಟಿಗೆ ಅರ್ಥ ಉಳಿದಿರಲಿಲ್ಲ. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಅವರ ಪರ ವಾದಿಸಿದ ವಕೀಲರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಮುಂದೆ ಅವರೇ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದರು. 1944ರಲ್ಲಿ ಕೋರ್ಟು ಸ್ಮಿತ್ ಪರ ತೀರ್ಪು ಕೊಟ್ಟಿತು. ಪ್ರೈಮರಿ ಕೂಡ ರಾಜ್ಯ ನಡೆಸುವ ಚುನಾವಣೆಯ ಒಂದು ಭಾಗ, ಪಕ್ಷದ ಖಾಸಗಿ ವ್ಯವಹಾರ ಅಲ್ಲ ಅನ್ನುವುದು ಅದರ ತಿರುಳು.

ನನ್ನ ಪರಿಸ್ಥಿತಿ ಮತ್ತು ಲಾನಿ ಸ್ಮಿತ್ ಅವರ ಪರಿಸ್ಥಿತಿ ಒಂದೇ ಅಂತ ನಾನು ಹೇಳುತ್ತಿಲ್ಲ. ಅವರನ್ನು ತಡೆದಿದ್ದು ಹುಟ್ಟಿನ ಕಾರಣಕ್ಕೆ. ನಾನು ಬೇಕೆಂದರೆ ನಾಳೆಯೇ ಪಕ್ಷದ ಹೆಸರು ಬರೆಸಬಹುದು, ಶುಲ್ಕ ಕೂಡ ಇಲ್ಲ. ಆದರೆ ಅಂತಿಮ ತೀರ್ಮಾನ ಎಲ್ಲಿ ಆಗುತ್ತದೋ ಅಲ್ಲಿ ಓಟಿಗೆ ಬೆಲೆ ಅನ್ನುವ ಮಾತು ಎರಡೂ ಕಡೆ ನಿಲ್ಲುತ್ತದೆ. ನ್ಯೂಯಾರ್ಕ್ ನಗರ ನೋಡಿ. 2021ರ ಮೇಯರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಯ ಎಣಿಕೆಯ ಕೊನೇ ಸುತ್ತಿನಲ್ಲಿ ಎರಿಕ್ ಆಡಮ್ಸ್ ಗೆದ್ದಿದ್ದು 7,197 ಓಟಿನ ಅಂತರದಲ್ಲಿ. ಯಾವ ಪಕ್ಷಕ್ಕೂ ಸೇರದ ಹತ್ತಿರಹತ್ತಿರ 10 ಲಕ್ಷ ಮತದಾರರು ಆ ದಿನ ಹೊರಗೇ ಇದ್ದರು. ನವೆಂಬರ್‌ನಲ್ಲಿ ಆಡಮ್ಸ್ ಸುಲಭವಾಗಿ ಗೆದ್ದರು. 85 ಲಕ್ಷ ಜನರ ನಗರ ಅದು.

ಎದುರಿನ ವಾದದಲ್ಲೂ ಹುರುಳಿದೆ. ನಮ್ಮ ಕನ್ನಡ ಕೂಟದ ಅಧ್ಯಕ್ಷರನ್ನು ಸದಸ್ಯರಲ್ಲದವರು ಬಂದು ಆರಿಸಿದರೆ ನಾವು ಸುಮ್ನೆ ಇರುತ್ತೇವಾ? ಇಲ್ಲ. ಪಕ್ಷವೂ ಒಂದು ಸಂಘಟನೆ, ತನ್ನ ಮುಖ ಯಾರು ಎಂದು ಹೇಳುವ ಹಕ್ಕು ಅದಕ್ಕಿದೆ. ಸುಪ್ರೀಂ ಕೋರ್ಟು ಕೂಡ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಜನರೇ ಓಟು ಹಾಕಿ ಒಂದು ಪದ್ಧತಿ ತಂದಿದ್ದರು. ಒಂದೇ ಬ್ಯಾಲೆಟ್‌ನಲ್ಲಿ ಗವರ್ನರ್‌ಗೆ ಒಂದು ಪಕ್ಷ, ಸೆನೆಟ್‌ಗೆ ಇನ್ನೊಂದು ಪಕ್ಷ ಅಂತ ಯಾರು ಬೇಕಾದರೂ ಆರಿಸಬಹುದಿತ್ತು. 2000ದಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಆದರೆ ಅದಕ್ಕೂ ಮೊದಲು, 1986ರಲ್ಲಿ, ಇನ್ನೊಂದು ತೀರ್ಪು ಬಂದಿತ್ತು. ಕನೆಕ್ಟಿಕಟ್‌ನ ರಿಪಬ್ಲಿಕನ್ ಪಕ್ಷ ಸ್ವತಂತ್ರ ಮತದಾರರನ್ನು, ಅಂದರೆ ಯಾವ ಪಕ್ಷಕ್ಕೂ ಸೇರದವರನ್ನು, ತನ್ನ ಪ್ರೈಮರಿಗೆ ಕರೆಯಲು ಹೊರಟಾಗ ರಾಜ್ಯದ ಕಾನೂನು ಅಡ್ಡ ಬಂತು. ಪಕ್ಷಕ್ಕೆ ಹಾಗೆ ಕರೆಯುವ ಹಕ್ಕಿದೆ ಎಂದಿತು ಕೋರ್ಟು.

ಹಾಗಾದರೆ ಪಕ್ಷದ ಹಕ್ಕು, ನನ್ನ ಹಕ್ಕು ಎರಡನ್ನೂ ಉಳಿಸುವುದು ಹೇಗೆ? ನನಗೆ ಹಿಡಿಸಿದ್ದು 2016ರಲ್ಲಿ ಕೊಲೊರಾಡೊ ಜನ ಓಟು ಹಾಕಿ ತಂದ ಕಾನೂನು. ಯಾವ ಪಕ್ಷಕ್ಕೂ ಸೇರದ ಮತದಾರರಿಗೆ ಎರಡೂ ಪಕ್ಷಗಳ ಬ್ಯಾಲೆಟ್ ಅಂಚೆಯಲ್ಲಿ ಮನೆಗೆ ಬರುತ್ತದೆ. ಒಂದನ್ನು ಮಾತ್ರ ತುಂಬಿ ಕಳಿಸಬೇಕು. ಎರಡನ್ನೂ ತುಂಬಿ ಕಳಿಸಿದರೆ ಎರಡೂ ಎಣಿಕೆಗೆ ಬರುವುದಿಲ್ಲ. ಪಕ್ಷದ ಹೆಸರು ಬರೆಸಿದವರಿಗೆ ತಮ್ಮ ಪಕ್ಷದ ಬ್ಯಾಲೆಟ್ ಮಾತ್ರ. ಇದು ಬೇಡ ಎನ್ನುವ ಪಕ್ಷಕ್ಕೂ ದಾರಿ ಇಟ್ಟಿದ್ದಾರೆ. ಪಕ್ಷದ ಕೇಂದ್ರ ಸಮಿತಿಯ ನಾಲ್ಕನೇ ಮೂರು ಪಾಲು ಜನ ಒಪ್ಪಿದರೆ ಪ್ರೈಮರಿ ಬಿಟ್ಟು ತಮ್ಮದೇ ಸಭೆಯಲ್ಲಿ ಅಭ್ಯರ್ಥಿಯನ್ನು ಆರಿಸಿಕೊಳ್ಳಬಹುದು. ನನ್ನ ನಿಲುವೂ ಇದೇ. ಸಾರ್ವಜನಿಕ ದುಡ್ಡಿನಲ್ಲಿ ಚುನಾವಣೆ ಬೇಕೆಂದರೆ ಸ್ವತಂತ್ರರಿಗೂ ಒಂದು ಬ್ಯಾಲೆಟ್ ಕೊಡಿ. ಬಾಗಿಲು ಹಾಕಿಕೊಂಡು ಆರಿಸಬೇಕು ಅಂದರೆ ಹಾಲ್ ಬಾಡಿಗೆಯೂ ನಿಮ್ಮದೇ ಇರಲಿ.

ಎದುರಾಳಿಗಳು ಬೇಕಂತಲೇ ನುಗ್ಗಿ ಸೋಲುವ ಅಭ್ಯರ್ಥಿಯನ್ನು ಗೆಲ್ಲಿಸಿಬಿಡುತ್ತಾರೆ ಅನ್ನುವ ಭಯ ಬಹಳ ಜನರಿಗಿದೆ. 2008ರಲ್ಲಿ ರೇಡಿಯೋ ನಿರೂಪಕ ರಷ್ ಲಿಂಬಾ ತನ್ನ ರಿಪಬ್ಲಿಕನ್ ಕೇಳುಗರಿಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಓಟು ಹಾಕಿ ಜಗಳ ಎಳೆಯಿರಿ ಎಂದು ಬಹಿರಂಗವಾಗಿಯೇ ಹೇಳಿದ್ದರು. ಆದರೂ ಟಿಕೆಟ್ ಸಿಕ್ಕಿದ್ದು ಒಬಾಮಾಗೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು 2014ರ ಮಿಸಿಸಿಪ್ಪಿ. ಅಲ್ಲಿ ಪಕ್ಷ ಬರೆಸುವ ಪದ್ಧತಿಯೇ ಇಲ್ಲ. ರಿಪಬ್ಲಿಕನ್ ಸೆನೆಟರ್ ಥ್ಯಾಡ್ ಕಾಕ್ರನ್ ಮೊದಲ ಸುತ್ತಿನಲ್ಲಿ ಕ್ರಿಸ್ ಮೆಕ್‌ಡೇನಿಯಲ್‌ಗಿಂತ ಹಿಂದೆ ಬಿದ್ದಿದ್ದರು. ಎರಡನೇ ಸುತ್ತಿನಲ್ಲಿ ಸಾಮಾನ್ಯವಾಗಿ ಡೆಮಾಕ್ರಟರಿಗೆ ಓಟು ಹಾಕುವ ಎಷ್ಟೋ ಕಪ್ಪು ಮತದಾರರು ಬಂದು ಕಾಕ್ರನ್ ಅವರಿಗೆ ಹಾಕಿದರು, ಅವರು ಸ್ವಲ್ಪದರಲ್ಲಿ ಗೆದ್ದರು. ಮೆಕ್‌ಡೇನಿಯಲ್ ಕಡೆಯವರಿಗೆ ಇದು ದೊಡ್ಡ ಅನ್ಯಾಯ ಅನ್ನಿಸಿತು. ಆ ಮತದಾರರ ಜಾಗದಲ್ಲಿ ನಿಂತು ಯೋಚಿಸಿ. ಈ ಇಬ್ಬರಲ್ಲಿ ಒಬ್ಬರೇ ತಮ್ಮ ಸೆನೆಟರ್ ಆಗುವುದು ಎಂದು ಅವರಿಗೆ ಗೊತ್ತಿತ್ತು. ಯಾರು ಪರವಾಗಿಲ್ಲ ಎಂದು ಹೇಳಿ ಬಂದರು. ಮತದಾರ ಮಾಡಬೇಕಾದ ಕೆಲಸವೇ ಅದು ಅಲ್ವಾ?

ಪಕ್ಷದ ಹೆಸರು ಸುಮ್ನೆ ಬರೆಸಿಬಿಡಿ, ಯಾಕಿಷ್ಟು ತಲೆಕೆಡಿಸಿಕೊಳ್ಳುತ್ತೀರಿ ಎಂದು ಹೇಳುವ ಸ್ನೇಹಿತರಿದ್ದಾರೆ. ಪೆನ್ಸಿಲ್ವೇನಿಯಾದ ಇಡೀ ಮತದಾರರ ಪಟ್ಟಿ 20 ಡಾಲರಿಗೆ ಸಿಗುತ್ತದೆ. ಹೆಸರು, ವಿಳಾಸದ ಪಕ್ಕದಲ್ಲೇ ಪಕ್ಷವೂ ಇರುತ್ತದೆ. ಅಂಗಡಿ ನಡೆಸುವವರು, ಪತ್ರಕರ್ತರು, ಸರ್ಕಾರಿ ಕೆಲಸದಲ್ಲಿರುವವರು ಇದನ್ನು ಯೋಚಿಸುತ್ತಾರೆ. ಬೇರೆ ದೇಶದಿಂದ ಬಂದು, ಎರಡೂ ಪಕ್ಷದವರ ನಡುವೆ ಮನೆ ಮಾಡಿಕೊಂಡ ನಮ್ಮಂಥವರು ಇನ್ನೂ ಜಾಸ್ತಿ ಯೋಚಿಸುತ್ತೇವೆ. ಓಟು ಗುಟ್ಟಾಗಿರಬೇಕು ಎಂದು ಶಾಲೆಯಲ್ಲಿ ಕಲಿತು ಬೆಳೆದವರು ನಾವು. ಯಾರಿಗೆ ಹಾಕಿದೆ ಅನ್ನುವುದು ಗುಟ್ಟು, ಯಾವ ಕಡೆಯವನು ಅನ್ನುವುದು ಬಹಿರಂಗ ಅಂದರೆ ಅದು ಅರ್ಧ ಗುಟ್ಟು ಮಾತ್ರ. ಎಲ್ಲ ರಾಜ್ಯಗಳಲ್ಲಿ ಪಕ್ಷ ಬದಲಿಸುವುದು ಸುಲಭವೂ ಅಲ್ಲ. 2016ರಲ್ಲಿ ನ್ಯೂಯಾರ್ಕ್ ಪ್ರೈಮರಿ ನಡೆದಿದ್ದು ಏಪ್ರಿಲ್‌ನಲ್ಲಿ. ಪಕ್ಷ ಬದಲಿಸುವ ಗಡುವು ಅದರ ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಗಡುವು ತಪ್ಪಿ ತಮ್ಮ ತಂದೆಗೆ ಓಟು ಹಾಕಲು ಆಗಲಿಲ್ಲ. ಅಂಥವರ ಗತಿಯೇ ಹೀಗಾದರೆ ಎರಡು ಕೆಲಸ ಮಾಡಿಕೊಂಡು ಮನೆ ನಡೆಸುವವರ ಗತಿ?

ಪ್ರೈಮರಿ ತೆರೆದರೆ ಮಧ್ಯಮ ನಿಲುವಿನವರು ಗೆಲ್ಲುತ್ತಾರೆ, ರಾಜಕೀಯ ತಣ್ಣಗಾಗುತ್ತದೆ ಎಂದು ನಮ್ಮ ಕಡೆಯವರು ಹೇಳುವುದನ್ನು ಕೇಳಿದ್ದೇನೆ. ಈ ಮಾತನ್ನು ನಾನು ಹೇಳುವುದಿಲ್ಲ. ಇದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ಟೆಕ್ಸಸ್, ಜಾರ್ಜಿಯಾದಲ್ಲಿ ಪ್ರೈಮರಿ ಎಲ್ಲರಿಗೂ ತೆರೆದಿದೆ, ಅಲ್ಲಿನ ರಾಜಕೀಯವೇನೂ ತಣ್ಣಗಿಲ್ಲ. ಫಲಿತಾಂಶ ಹೇಗೇ ಬರಲಿ, ಓಟು ನಮ್ಮ ಹಕ್ಕು. ಮಹಿಳೆಯರಿಗೆ ಓಟು ಕೊಟ್ಟರೆ ಯಾರು ಗೆಲ್ಲುತ್ತಾರೆ ಎಂದು ಲೆಕ್ಕ ಹಾಕಿ ಕೊಡಬೇಕಾಗಿರಲಿಲ್ಲ, ಇದೂ ಹಾಗೇ.

2024ರ ನವೆಂಬರ್‌ನಲ್ಲಿ ನೆವಾಡಾ, ಐಡಾಹೊ, ಕೊಲೊರಾಡೊ, ಅರಿಜೋನಾ, ಮೊಂಟಾನಾ, ಸೌತ್ ಡಕೋಟದಲ್ಲಿ ಪ್ರೈಮರಿ ಸುಧಾರಣೆಯ ಪ್ರಸ್ತಾವಗಳು ಜನರ ಮುಂದೆ ಬಂದು ಸೋತವು. ನನಗೆ ಬೇಸರವಾಯಿತು. ಆದರೆ ಅವು ಕೇಳಿದ್ದು ಸ್ವತಂತ್ರರಿಗೊಂದು ಬ್ಯಾಲೆಟ್ ಕೊಡಿ ಅನ್ನುವಷ್ಟು ಸರಳ ಬದಲಾವಣೆಯನ್ನಲ್ಲ. ಪಕ್ಷದ ಪ್ರೈಮರಿಯನ್ನೇ ತೆಗೆದು ಎಲ್ಲ ಅಭ್ಯರ್ಥಿಗಳನ್ನು ಒಂದೇ ಪಟ್ಟಿಗೆ ಹಾಕುವ ಯೋಜನೆಗಳು ಅವು. ಕೆಲವು ಕಡೆ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಡುವ ಹೊಸ ಪದ್ಧತಿಯನ್ನೂ ಸೇರಿಸಿದ್ದರು. ಒಂದೇ ಸಲಕ್ಕೆ ಅಷ್ಟೆಲ್ಲ ಬದಲಾವಣೆ ಎಂದರೆ ಜನ ಹಿಂಜರಿಯುತ್ತಾರೆ. ಸರಳವಾಗಿ ಕೇಳಿದ ಕಡೆ ಕೆಲಸ ಆಗಿದೆ. ನ್ಯೂ ಮೆಕ್ಸಿಕೋ 2025ರಲ್ಲಿ ಸ್ವತಂತ್ರ ಮತದಾರರನ್ನು ಪ್ರೈಮರಿಗೆ ಬಿಡುವ ಕಾನೂನು ಮಾಡಿತು. ನಮ್ಮೂರಿನಿಂದ ಡೆಲವೇರ್ ಹೊಳೆ ದಾಟಿದರೆ ನ್ಯೂಜೆರ್ಸಿ. ಅಲ್ಲಿರುವ ಕನ್ನಡದ ಗೆಳೆಯರು ಪಕ್ಷ ಬರೆಸದೇ ಇದ್ದರೂ ಪ್ರೈಮರಿಯ ದಿನ ಬೂತಿನಲ್ಲೇ ಪಕ್ಷ ಹೇಳಿ ಓಟು ಹಾಕಬಹುದು. ಅದರ ನಂತರ ಆ ಪಕ್ಷದ ಪಟ್ಟಿಗೆ ಹೆಸರು ಸೇರುತ್ತದೆ ಅನ್ನುವುದೊಂದು ಕೊರತೆ, ಆದರೂ ಇಲ್ಲಿಗಿಂತ ಎಷ್ಟೋ ವಾಸಿ.

ಪೆನ್ಸಿಲ್ವೇನಿಯಾದಲ್ಲಿರುವ ಕನ್ನಡದವರಲ್ಲಿ ಒಂದು ಕೋರಿಕೆ. ನಿಮ್ಮ ಸ್ಟೇಟ್ ರೆಪ್ರೆಸೆಂಟೇಟಿವ್, ಸ್ಟೇಟ್ ಸೆನೆಟರ್ ಇಬ್ಬರ ಕಚೇರಿಗೂ ಫೋನ್ ಮಾಡಿ. ಸ್ವತಂತ್ರ ಮತದಾರರಿಗೆ ಪ್ರೈಮರಿಯಲ್ಲಿ ಓಟು ಕೊಡುವ ಮಸೂದೆಗೆ ನಿಮ್ಮ ಬೆಂಬಲ ಇದೆಯಾ ಎಂದು ಕೇಳಿ, ಉತ್ತರವನ್ನು ಇಲ್ಲಿ ಕಾಮೆಂಟಿನಲ್ಲಿ ಬರೆಯಿರಿ. ಮುಖ್ಯವಾಗಿ ಡೆಮಾಕ್ರಟ್ ಅಥವಾ ರಿಪಬ್ಲಿಕನ್ ಎಂದು ಬರೆಸಿರುವವರು ದಯವಿಟ್ಟು ಮಾಡಿ. ಮುಂದಿನ ಪ್ರೈಮರಿಯಲ್ಲಿ ಆ ಪ್ರತಿನಿಧಿಗಳಿಗೆ ಬೇಕಾಗಿರುವುದು ನಿಮ್ಮ ಓಟು, ನನ್ನದಲ್ಲ. ಹಾಗಾಗಿ ಸದ್ಯಕ್ಕೆ ಅವರು ಕಿವಿಗೊಡುವುದೂ ನಿಮ್ಮ ಮಾತಿಗೇ.