ಆಟಕ್ಕುಂಟು, ಲೆಕ್ಕಕ್ಕಿಲ್ಲ

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರ ಕೊಡುವ ಮರ್ಯಾದೆ ಅದು. ಎರಡಕ್ಕೆಲ್ಲ ಮನೆ ಸೇರಿದ ಗುಮಾಸ್ತ ಸಂಜೆತನಕ ಕೂಲರಿನ ಮುಂದೆ ಬಿದ್ದುಕೊಂಡು ಮಾಡುವುದಾದರೂ ಏನು? ನಾನು ಮಗಳಿಗೆ ಲೆಕ್ಕ ಕಲಿಸಲು ಹೊರಟೆ.

ಮೂರನೇ ಕ್ಲಾಸಿನವಳು. ಗಣಿತದ ಪುಸ್ತಕ ತೆಗೆದರೆ ಹೊಟ್ಟೆನೋವು ಶುರು. ಹಾಗಾಗಿ ಇಸ್ಪೀಟ್ ಎಲೆ ತಂದೆ. "ಮನ್ಯಾಗ ಎಲಿ ಆಡಿಸ್ತೀರೇನ್ರಿ?" ಎಂದು ಹೆಂಡತಿ ಮುಖ ತಿರುಗಿಸಿದಳು. ಅವ್ವ ಮಾತಾಡದೆ ಎದ್ದು ಹೋಗಿ ರಸ್ತೆ ಕಡೆಯ ಕಿಟಕಿ ಹಾಕಿ ಬಂದಳು.

ಆಟ ಸರಳ. ಎಕ್ಕದಿಂದ ಒಂಬತ್ತರವರೆಗಿನ ಎಲೆ ಹರಡಿ, ಕೂಡಿದರೆ ಹತ್ತಾಗುವ ಜೋಡಿ ಎತ್ತಬೇಕು. ಏಳಕ್ಕೆ ಮೂರು, ಆರಕ್ಕೆ ನಾಲ್ಕು. ಗೆದ್ದ ಜೋಡಿಗೊಂದು ತೊಗರಿಬೇಳೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೇಳೆ ಮನೆಯಲ್ಲಿರುವಾಗ ದುಡ್ಡಿನ ಹಂಗೇಕೆ? ಮೂರನೇ ದಿನ ತಾಟಿನಲ್ಲಿ ನಮ್ಮಿಬ್ಬರ ಗಳಿಕೆ ಎರಡು ಗುಡ್ಡೆಯಾಗಿ ಕೂತಿತ್ತು. ಅವ್ವ ಅದನ್ನೂ ಬಳಿದು ಕುಕ್ಕರಿಗೆ ಹಾಕಿದಳು. "ತಾಟಿನ್ಯಾಗ ಬ್ಯಾಳಿ ಇಟ್ರ ನಾ ಏನ್ ತಿಳ್ಕೋಬೇಕು?" ರಾತ್ರಿ ಮಗಳು ಸಾರು ಸುರಿಯುತ್ತ, "ಅಪ್ಪಾ, ಇದರಾಗ ನಿಂದು ಬರೇ 32, ನಂದು 41. ನಾ 9 ಹೆಚ್ಚಿಗಿ" ಎಂದಳು. ಕಳೆಯುವ ಲೆಕ್ಕ ಬರುವುದಿಲ್ಲವೆಂದು ಶಾಲೆಯಿಂದ ಚೀಟಿ ಬಂದಿದ್ದು ಇವಳ ಬಗ್ಗೆಯೇ.

ಅಸಲಿ ಪೇಚು ಮರುವಾರದ್ದು. ಒಂದು ಎಲೆ ಕಾಣೆ. 51 ಮಾತ್ರ ಇವೆ. ನನಗೆ ಹುರುಪು ಬಂತು. ಎಕ್ಕಕ್ಕೆ 1, ಗುಲಾಮಗೆ 11, ರಾಣಿಗೆ 12, ರಾಜಾಗೆ 13 ಹಿಡಿದರೆ ಇಡೀ ಕಟ್ಟಿನ ಮೊತ್ತ 364. ಇದ್ದುದನ್ನು ಕೂಡಿ, ಅದರಿಂದ ಕಳೆದರೆ ಕಳ್ಳ ಸಿಕ್ಕ. ಹಾಳೆ, ಪೆನ್ನು ಹಿಡಿದು ಬೆವರಿಳಿಸಿಕೊಂಡು ಕೂಡಿದೆ. 359. "ಐದು ಹೋಗ್ಯದ!" ಎಂದು ಘೋಷಿಸಿದೆ.

ಮಗಳು ನಾಲ್ಕೂ ಐದನ್ನು ನನ್ನ ಮೂಗಿನ ಕೆಳಗೆ ಸಾಲಾಗಿ ಇಟ್ಟಳು.

ನಂತರ ನೆಲದ ಮೇಲೆ ಕೂತು ತನ್ನದೇ ಕೆಲಸ ಶುರುಮಾಡಿದಳು. ರಾಜಾನನ್ನು ಬದಿಗಿಟ್ಟು, ರಾಣಿಗೆ ಎಕ್ಕ, ಗುಲಾಮಗೆ ಎರಡು, ಹತ್ತಕ್ಕೆ ಮೂರು, ಹೀಗೆ ಹದಿಮೂರರ ಜೋಡಿ ಕಟ್ಟುತ್ತ ಹೋದಳು. ಇಸ್ಪೀಟ್ ಜಾತಿಯ ಎಲೆಗಳು ಸರಿಹೋದವು. ಕಿಲಾವರ್, ಚೌಕಟ್ ಸರಿಹೋದವು. ಬದಾಮ್‌ನಲ್ಲಿ ಆರು ಒಂಟಿಯಾಗಿ ಉಳಿಯಿತು. "ಇದಕ್ಕ ಜೋಡಿ ಇಲ್ಲಾ. ಬದಾಮ್ ಏಳು ಹೋಗ್ಯದ." ಒಂದೇ ಒಂದು ಸಲ ಕೂಡಿಸಲಿಲ್ಲ ಆ ಹುಡುಗಿ.

ಆಮೇಲೆ ನಾನು ತನಿಖಾಧಿಕಾರಿ. ಅವ್ವ ಪುರಾಣದ ಪುಸ್ತಕದಲ್ಲಿ ಗುರುತಿಗೆ ಇಟ್ಟಿರಬಹುದೆಂದು ಜಾಲಾಡಿದೆ. ಹೆಂಡತಿ ಸಿಟ್ಟಿಗೆ ಒಲೆಗೆ ಹಾಕಿರಬಹುದೆಂದು ಆಡಿಯೂ ಬಿಟ್ಟೆ. ಅದರ ಫಲ ಇಲ್ಲಿ ಬರೆಯುವಂಥದ್ದಲ್ಲ. ಎರಡು ದಿನ ರೊಟ್ಟಿ ನಾನೇ ಬಡಿದುಕೊಂಡೆ, ಭೂಪಟದ ಆಕಾರದಲ್ಲಿ.

ಮೂರನೇ ದಿನ ಕೂಲರಿಗೆ ನೀರು ಸುರಿಯುವಾಗ ಮಗಳು ಸ್ಟ್ಯಾಂಡಿನ ಕಾಲ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ನಾಲ್ಕು ಪದರಾಗಿ ಮಡಚಿದ್ದು ಕೆಂಪಗೆ ಇಣುಕುತ್ತಿತ್ತು. ಹಿಂದಿನ ವಾರ ನಡುರಾತ್ರಿ ಕರೆಂಟ್ ಬಂದಾಗ ಕೂಲರ್ ಗಡಗಡ ಅಲುಗಾಡಿದ್ದು, ಅರೆನಿದ್ದೆಯಲ್ಲಿ ಕೈಗೆ ಸಿಕ್ಕಿದ್ದನ್ನು ಮಡಚಿ ತುರುಕಿದ್ದು, ಎಲ್ಲವೂ ನನಗೆ ಆ ಕ್ಷಣಕ್ಕೆ ನೆನಪಾಯಿತು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ, ಅದೇ ಹೆಚ್ಚಾಯಿತು.

ಬದಾಮ್ ಏಳನ್ನು ಎಳೆದ ಕೂಡಲೇ ಕೂಲರ್ ಮತ್ತೆ ಗಡಗಡ. ಮಗಳು ಕಟ್ಟಿನಿಂದ ಜೋಕರ್ ತೆಗೆದು ನನ್ನ ಕೈಗಿತ್ತಳು. "ಇದನ್ನ ಮಡಚು ಅಪ್ಪಾ. ಇದು ಹ್ಯಾಂಗೂ ಲೆಕ್ಕಕ್ಕಿಲ್ಲ."