ಎಷ್ಟು ಸಣ್ಣ ಬೇಕು ನಿನಗೆ?

ನಿನ್ನೆ ಸಾಯಂಕಾಲ ನಮ್ಮ ಮನೆಯಲ್ಲಿ ನಾಲ್ಕು ನೀರುಳ್ಳಿ ಕೊರೆಯಲಿಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಸುಮ್ನೆ ಹೇಳುವುದಲ್ಲ, ಗಡಿಯಾರ ನೋಡಿದ್ದೇನೆ. ಅಷ್ಟು ಹೊತ್ತಿಗೆ ಬದಿಯಡ್ಕದಲ್ಲಿ ಬಸ್ಸು ಹತ್ತಿದವರು ಕಾಸರಗೋಡು ಪೇಟೆಗೆ ಮುಟ್ಟಿ ಒಂದು ಚಾ ಕುಡಿದು ಆಗಿರುತ್ತದೆ.

ಕೊರೆದದ್ದು ನಾನಲ್ಲ. ನಮ್ಮವರು.

ತಪ್ಪು ನನ್ನದೇ. ಮಳೆ ಹಿಡಿದು ಕೂತಿತ್ತು. ಪುತ್ತೂರಿನಿಂದ ಅಕ್ಕ, ಬಾವ ಹೊರಟು ಆಗಿತ್ತು. ಇಂಥ ಮಳೆಗೆ ಇಂಥ ನೆಂಟರಿಗೆ ನೀರುಳ್ಳಿ ಬಜೆ ಬಿಟ್ಟು ಬೇರೆಂತ ಮಾಡುವುದು? ನಾನು ಕಡ್ಲೆಹಿಟ್ಟು ತೆಗೆಯುತ್ತಾ, "ಒಂದು ನಾಲ್ಕು ನೀರುಳ್ಳಿ ಕೊರೆದು ಕೊಡಿ" ಎಂದೆ.

"ಎಷ್ಟು ಸಣ್ಣ ಬೇಕು ನಿನಗೆ?"

ಮದುವೆಯಾಗಿ ಇಪ್ಪತ್ತಾರು ವರ್ಷ. ಪ್ರತಿ ಸಲ ಇದೇ ಪ್ರಶ್ನೆ. ಬಜೆಗೆ ಉದ್ದುದ್ದ, ತೆಳ್ಳಗೆ ಬೇಕು ಅಂತ ಗೊತ್ತಿಲ್ಲದವರಲ್ಲ, ತಿನ್ನುವಾಗ ಎಲ್ಲ ಗೊತ್ತಿರುತ್ತದೆ. ಆದರೂ ಕೇಳಬೇಕು. ಕೇಳಿದರೆ ಸಾಲದು, ಒಂದು ಎಸಳು ಕೊರೆದು, ಅದನ್ನು ಅಂಗೈಯಲ್ಲಿಟ್ಟು, ತೀರ್ಥ ಹಿಡಿದ ಹಾಗೆ ಒಲೆಯ ಹತ್ತಿರ ತಂದು ತೋರಿಸಬೇಕು. "ಇಷ್ಟು ಸಾಕಾ?" ಸಾಕು. ಮೇಜಿಗೆ ವಾಪಸು. ಎರಡನೇ ಎಸಳು ಬಂತು. "ಇದು ಸ್ವಲ್ಪ ದಪ್ಪ ಆಯಿತಾ ಅಂತ?" ಇಲ್ಲ, ಆಗಬಹುದು. ನಾನು ನೋಡದೆ ಹೂಂಗುಟ್ಟಿದರೆ ಬೇಜಾರು. "ನೀನು ಸರಿ ನೋಡಲೇ ಇಲ್ಲ." ನಿನ್ನೆ ಮೊದಲನೇ ನೀರುಳ್ಳಿ ಮುಗಿಯುವಾಗ ಆರು ಸಲ ದರ್ಶನ ಆಗಿತ್ತು.

ಇದೇ ಮನುಷ್ಯ ಅಡಿಕೆ ಸುಲಿಯಲಿಕ್ಕೆ ಕೂತರೆ ನೋಡಬೇಕು. ಬಾಯಲ್ಲಿ ಅಡಿಕೆ ರೇಟಿನ ಮಾತು, ಕಣ್ಣು ಟೀವಿಯಲ್ಲಿ, ಕೈ ಮಾತ್ರ ಟಕಟಕ ಹೋಗುತ್ತದೆ. ಒಂದು ಅಡಿಕೆಯನ್ನಾದರೂ ಎತ್ತಿ "ಇಷ್ಟು ಸಾಕಾ" ಅಂತ ಕೇಳಿದ್ದಿಲ್ಲ.

ನೀರುಳ್ಳಿ ವಿಷಯದಲ್ಲಿ ಮಾತ್ರ ಇವರಿಗೆ ಸಂಶೋಧನೆ ಜಾಸ್ತಿ. ಪೇಟೆಯ ಅಂಗಡಿಯವರು ಸವಾಳ ಅನ್ನಲಿ, ಬೆಂಗಳೂರಿನಲ್ಲಿರುವ ಮಗಳು ಈರುಳ್ಳಿ ಅನ್ನಲಿ, ಅದು ಕಣ್ಣುರಿಸುವುದು ಯಾಕೆ ಅಂತ ಇವರು ಮೊಬೈಲಿನಲ್ಲಿ ಓದಿಟ್ಟಿದ್ದಾರೆ. ಕೊರೆದಾಗ ಒಳಗಿನ ಗಂಧಕದ ಅಂಶ ಒಂದು ಕಿಣ್ವಕ್ಕೆ ಸಿಕ್ಕಿ, ಅದರಿಂದ ಇನ್ನೊಂದು ಕಿಣ್ವಕ್ಕೆ ಸಿಕ್ಕಿ, ಗ್ಯಾಸ್ ಆಗಿ ಕಣ್ಣಿಗೆ ಬರುತ್ತದಂತೆ. ಆ ಎರಡನೇ ಕಿಣ್ವವನ್ನು ಕಂಡುಹಿಡಿದ ಜಪಾನಿನವರಿಗೆ 2013ರಲ್ಲಿ ಇಗ್ ನೊಬೆಲ್ ಸಿಕ್ಕಿತಂತೆ, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಪುಟ್ಟ ಗಿಲೋಟಿನ್ ಮಾಡಿ ನೀರುಳ್ಳಿಯ ತಲೆ ಕಡಿದು, ಹಾರುವ ಹನಿಗಳನ್ನು ಕ್ಯಾಮರಾದಲ್ಲಿ ಹಿಡಿದರಂತೆ. ಕತ್ತಿ ಚೂಪಿದ್ದು, ನಿಧಾನವಾಗಿ ಕೊರೆದರೆ ಹನಿ ಕಮ್ಮಿ. ಇಷ್ಟು ದೊಡ್ಡ ಸಂಶೋಧನೆಯಲ್ಲಿ ಇವರು ಹಿಡಿದುಕೊಂಡದ್ದು "ನಿಧಾನ" ಎಂಬ ಒಂದೇ ಶಬ್ದ. ಫ್ರಿಜ್ಜಿನಲ್ಲಿಟ್ಟರೂ ಪ್ರಯೋಜನ ಇಲ್ಲ ಅಂತ ಅದರಲ್ಲೇ ಇತ್ತು. ಅದು ನಮಗೆ ಮೊದಲೇ ಗೊತ್ತು. ಇವರು ಅರ್ಧ ಕೊರೆದ ನೀರುಳ್ಳಿ ಫ್ರಿಜ್ಜಿಗೆ ತಳ್ಳಿದ ಮರುದಿನ ಪಾಯಸಕ್ಕೆ ಇಟ್ಟ ಹಾಲೆಲ್ಲ ಬಜೆಯ ಪರಿಮಳ ಹೊಡೆದಿತ್ತು.

ಒಲೆಯ ಮೇಲಿನ ಅಟ್ಟದಲ್ಲಿ ಸಲಕರಣೆಗಳು ಬೇರೆ. ಮಣೆಯ ಮೇಲೆ ಜಾರಿಸುವಂಥದ್ದು ಒಂದು. ಮುಚ್ಚಳ ಒತ್ತಿದರೆ ಚೌಕ ಚೌಕ ಬೀಳುವ ಡಬ್ಬಿ ಒಂದು, ಹೋದ ವರ್ಷ ಬಾವ ತಂದುಕೊಟ್ಟದ್ದು. ಅದರ ಬಲೆಯಲ್ಲಿ ಸಿಕ್ಕಿಬಿದ್ದ ಮೊದಲ ನೀರುಳ್ಳಿಯ ಚೂರು ಇವತ್ತಿಗೂ ಅಲ್ಲೇ ಉಂಟು.

ಎರಡನೇ ನೀರುಳ್ಳಿಗೆ ಇವರ ಕಣ್ಣು ಉರಿಯಲು ಶುರುವಾಯಿತು. ಕೊಟ್ಟಿಗೆಗೆ ಹೋಗಿ ಬಂದರು. ನೋಡುತ್ತೇನೆ, ಹುಲ್ಲು ಹೆರೆಯುವ ಮೆಷಿನಿನ ಜೊತೆ ಬಂದ, ಮುಖಕ್ಕೆ ಹಾಕುವ ಬಲೆ! "ಅದರ ತೂತಿನಲ್ಲಿ ಗಾಳಿ ಬರುವುದಿಲ್ವಾ?" ಎಂದೆ. "ಕಮ್ಮಿ ಬರುತ್ತದೆ" ಎಂದರು, ಕಣ್ಣೀರು ಸುರಿಸುತ್ತಾ. ಆಮೇಲೆ ಕಪಾಟಿನಿಂದ ಹೊಸ ಪೆಟ್ಟಿಗೆ ಹೊರಗೆ ಬಂತು. ದಾರ ಎಳೆಯುವ ಚಾಪರ್. ನನಗೆ ಹೇಳದೆ ತರಿಸಿ ಇಟ್ಟದ್ದು.

ಉಳಿದ ಮೂರನ್ನೂ ಅದಕ್ಕೆ ತುಂಬಿಸಿದರು. ಮೆಲ್ಲ ಎಳೆಯಬೇಕು ಅಂತ ಪೆಟ್ಟಿಗೆಯಲ್ಲೇ ಚಿತ್ರ ಇತ್ತು. ಆದರೆ ಮುಖಕ್ಕೆ ಬಲೆ ಕಟ್ಟಿ, ಕೈಗೆ ದಾರ ಸಿಕ್ಕಿದರೆ ತೋಟದವರ ಕೈ ಮೆಲ್ಲ ಎಳೆಯುತ್ತದಾ? ಎಡಗೈಯಲ್ಲಿ ಒತ್ತಿ ಹಿಡಿದು, ಮೆಷಿನು ಸ್ಟಾರ್ಟು ಮಾಡುವ ಹಾಗೆ ಒಂದು ಜಗ್ಗು ಜಗ್ಗಿದರು. ಸ್ಟಾರ್ಟು ಆಗದ ಮೆಷಿನಿಗೆ ಬೈಯುವ ಹಾಗೆ ಬೈದು ಮತ್ತೆ ಜಗ್ಗಿದರು. ಹತ್ತೋ ಹದಿನೈದೋ ಜಗ್ಗಿನ ನಂತರ ಮುಚ್ಚಳ ಹಾರಿತು. ನೀರುಳ್ಳಿ ಕಿಟಿಕಿಗೆ, ಕ್ಯಾಲೆಂಡರಿಗೆ, ನನ್ನ ತಲೆಗೆ. ಬಾಗಿಲಲ್ಲಿ ಕೊಡೆ ಮಡಚುತ್ತಿದ್ದ ಬಾವನಿಗೂ ಒಂದು ಪಾಲು.

"ಎಂತ ಮಾರಾಯ್ರೇ, ಅಡಿಗೆಮನೆಯಲ್ಲೂ ಹುಲ್ಲು ಬಂದಿದೆಯಾ?" ಎಂದರು ಬಾವ.

ಇವರು ಬಲೆಯ ಒಳಗಿನಿಂದಲೇ ನನ್ನ ಕಡೆ ತಿರುಗಿದರು. ಬಲೆಯ ತೂತಿನಲ್ಲೆಲ್ಲ ನೀರುಳ್ಳಿ. "ಸಣ್ಣ ಸಾಕಾ?"

ನೆಲ ಒರೆಸಲು ಬಗ್ಗಿದಾಗ ಮೂಲೆಯಲ್ಲಿ ಅತ್ತೆಯ ಮೆಟ್ಟುಕತ್ತಿ ಕಂಡಿತು. ನಾನು ಈ ಮನೆಗೆ ಬಂದಾಗ ನೀರುಳ್ಳಿಗೆ ಅಡಿಗೆಮನೆಯ ಒಳಗೆ ಪ್ರವೇಶ ಇರಲಿಲ್ಲ. ಬುಟ್ಟಿ ಹಿತ್ತಿಲ ಜಗಲಿಯಲ್ಲಿ. ಅತ್ತೆ ಸಾಯುವವರೆಗೂ ಒಂದು ಎಸಳು ತಿಂದವರಲ್ಲ. ಆದರೆ ಮೊಮ್ಮಗಳಿಗೆ ಬಜೆ ಬೇಕೆಂದರೆ ಅಲ್ಲೇ ಜಗಲಿಯಲ್ಲಿ ಕೂತು, ಮಣೆಯನ್ನು ಕಾಲಲ್ಲಿ ಒತ್ತಿ, ಮಗುವಿಗೆ ಕಥೆ ಹೇಳುತ್ತಾ ಕೊರೆದು ಕೊಡುತ್ತಿದ್ದರು. ತೋಟದ ಕಡೆಗೆ ಬೀಸುವ ಗಾಳಿ ಗ್ಯಾಸನ್ನೆಲ್ಲ ಒಯ್ಯುತ್ತಿತ್ತೋ ಏನೋ, ಅವರ ಕಣ್ಣಲ್ಲಿ ನೀರು ನೋಡಿದ ನೆನಪಿಲ್ಲ. ಮಸೆದು ಮಸೆದು ಅಲಗು ಅರ್ಧ ಸವೆದಿದೆ. ನಾನು ಅದರಲ್ಲಿ ಕೂರಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಕೂತರೆ ಏಳಿಸಲಿಕ್ಕೆ ಇಬ್ಬರು ಬೇಕು. ಮಂಡಿ ಹಾಗಾಗಿದೆ.

ಡಬ್ಬಿಯಲ್ಲಿ ಉಳಿದದ್ದು ನೀರುಳ್ಳಿ ಅಲ್ಲ, ಚಟ್ನಿ. ನೀರು ಬಿಟ್ಟುಕೊಂಡಿತ್ತು. ಹಿಟ್ಟು ಎಷ್ಟು ಹಾಕಿದರೂ ಬಜೆಯ ಹದಕ್ಕೆ ಬರಲಿಲ್ಲ. ಕೊನೆಗೆ ಅಕ್ಕಿಹಿಟ್ಟು ಸುರಿದು, ಹಸಿಮೆಣಸು ಹಾಕಿ ಕಾವಲಿಯಲ್ಲಿ ಹೊಯ್ದೆ. ಬಾವ ಐದು ತಿಂದರು. "ಇದು ಲಾಯ್ಕಿದೆ, ಹೊಸ ನಮೂನೆ" ಎಂದರು. "ಇದಕ್ಕೆ ನೀರುಳ್ಳಿ ಕೈಯಲ್ಲಿ ಕೊರೆದರೆ ಆಗುವುದಿಲ್ಲ ಬಾವ" ಎಂದರು ನಮ್ಮವರು, ನಾಚಿಕೆಯಿಲ್ಲದೆ.

ಹೊರಡುವಾಗ ಬಾವ ಚಾಪರಿನ ಫೋಟೋ ತೆಗೆದುಕೊಂಡರು. ಕಾರಿನ ಕಿಟಿಕಿಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು, ಏನಾದರೂ ಹೇಳಿ ತಪ್ಪಿಸು ಎಂಬ ಹಾಗೆ. ಹೇಳಬಹುದಿತ್ತು. ಆ ಚೌಕದ ಡಬ್ಬಿ ನೆನಪಾಯಿತು. ಸುಮ್ಮನೆ ಕೈ ಬೀಸಿದೆ.